ಮಸಿ ಕಾಗದದ ಮೇಲೆ ಭೂಮಿ ಬರೆದದ್ದು

ಸೂಜಿಯಮ್ಮ ಎಂಬ ಹೆಸರು ಕೇಳಿ, ದರ್ಜಿ ಇರಬೇಕು ಎಂದುಕೊಂಡು ಹರಿದ ಪ್ಯಾಂಟು ಹಿಡಿದು ಬಾಗಿಲು ತಟ್ಟಿದವರು ನಮ್ಮ ಬೀದಿಯಲ್ಲಿ ಒಬ್ಬಿಬ್ಬರಲ್ಲ. ಅವರು ಯಾರನ್ನೂ ಹಾಗೇ ವಾಪಸು ಕಳಿಸುತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತು ನಾಲ್ಕು ಹೊಲಿಗೆ ಹಾಕಿಕೊಟ್ಟು, "ನನ್ನ ಸೂಜಿ ಬೇರೆ ಕಣಪ್ಪಾ, ಅದು ಬಟ್ಟೆ ಹೊಲಿಯಲ್ಲ," ಎಂದು ನಗುತ್ತಿದ್ದರು.

ಆ ಸೂಜಿ ಇದ್ದದ್ದು ಊರ ಹಿಂದಿನ ಗುಡ್ಡದ ಮೇಲೆ, ಭೂಕಂಪ ಅಳೆಯುವ ಸರ್ಕಾರಿ ಕೇಂದ್ರದಲ್ಲಿ. ಅರ್ಧ ನೆಲದೊಳಗೆ ಹೂತ ಕಲ್ಲಿನ ಕಟ್ಟಡ, ಎರಡೇ ಕೋಣೆ. ಹೊರಗಿನದರಲ್ಲಿ ಮೇಜು, ಟೆಲಿಫೋನು, ಕಪಾಟು. ಒಳಗಿನದರಲ್ಲಿ ಸೊಂಟದೆತ್ತರದ ಸಿಮೆಂಟು ಕಂಬ. ಕಂಬಕ್ಕೂ ಸುತ್ತಲ ನೆಲಕ್ಕೂ ನಡುವೆ ನಾಲ್ಕು ಬೆರಳಗಲದ ಸಂದು ಬಿಟ್ಟಿದ್ದರು. ಅದು ನೆಲವನ್ನು ಮುಟ್ಟದೆ ನೇರವಾಗಿ ಕೆಳಗಿನ ಬಂಡೆಗೆ ಇಳಿದಿತ್ತು. ಕಂಬದ ಮೇಲೆ ಯಂತ್ರ, ಪಕ್ಕದಲ್ಲಿ ನಿಧಾನವಾಗಿ ತಿರುಗುವ ಉರುಳೆ, ಉರುಳೆಗೆ ಸುತ್ತಿದ ಮಸಿ ಕಾಗದ, ಅದರ ಮೇಲೆ ಕೂದಲೆಳೆಯಷ್ಟು ಸಪೂರದ ಸೂಜಿ. ನೆಲ ಅಲುಗಿದರೆ ಸೂಜಿ ಅಲುಗುತ್ತದೆ. ಕಪ್ಪು ಮಸಿ ಕೆರೆದು ಬಿಳಿ ಗೀರು ಬೀಳುತ್ತದೆ. ನಿಮಿಷಕ್ಕೊಮ್ಮೆ ಗಡಿಯಾರ ಆ ಗೀರಿಗೆ ಒಂದು ಸಣ್ಣ ಗಂಟು ಹಾಕುತ್ತದೆ, ಯಾವುದು ಎಷ್ಟು ಹೊತ್ತಿಗೆ ಆಯಿತು ಎಂದು ತಿಳಿಯಲಿ ಅಂತ.

ಸೂಜಿಯಮ್ಮ ಅಲ್ಲಿಗೆ ಸೇರಿದ್ದು ಕಸ ಗುಡಿಸುವುದಕ್ಕೆ. ಆಗ ಅವರಿಗೆ ಇಪ್ಪತ್ತಾರು. ಏಳನೇ ಕ್ಲಾಸಿನವರೆಗಿನ ಓದು, ಸೈಕಲ್ ರಿಪೇರಿ ಅಂಗಡಿಯ ಗಂಡ, ಮಾತಿನಲ್ಲಿ ಮೆಣಸಿನಂಥ ಅತ್ತೆ. ಕೇಂದ್ರದ ಮುಖ್ಯಸ್ಥರನ್ನು ಊರವರು ನಡುಕದ ಸಾಹೇಬರು ಅನ್ನುತ್ತಿದ್ದರು. ಅಸಲಿಗೆ ಅವರಷ್ಟು ಸ್ಥಿರವಾದ ಮನುಷ್ಯನನ್ನು ನಾನು ಕಂಡಿಲ್ಲ.

ಮೊದಲ ದಿನ ಒಳಕೋಣೆ ಗುಡಿಸಿ ಬಂದಾಗ ಸಾಹೇಬರು ಅವರನ್ನು ವಾಪಸು ಕರೆದುಕೊಂಡು ಹೋಗಿ ಉರುಳೆ ತೋರಿಸಿದರಂತೆ. ನೆಟ್ಟಗಿದ್ದ ಗೀರು ಒಂದು ಕಡೆ ಹಲ್ಲುಹಲ್ಲಾಗಿತ್ತು.

"ಇದೇನು ಗೊತ್ತಾಯ್ತಾ?"

"ಹಾಳು ಮಾಡಿಬಿಟ್ಟೆನಾ ಸಾರ್?" ಎಂದು ಇವರು ಹೆದರಿದರು.

"ಹಾಳಲ್ಲಮ್ಮ, ಇದು ನೀವು. ಬಾಗಿಲಿಂದ ಆ ಮೂಲೆಗೆ ಹನ್ನೊಂದು ಹೆಜ್ಜೆ. ಇಲ್ಲಿ ಪೊರಕೆ ಕೆಳಗೆ ಬಿತ್ತು, ಅಲ್ವಾ?"

ಬಿದ್ದಿತ್ತು. ಸೂಜಿಯಮ್ಮ ಈ ಕತೆಯನ್ನು ನನಗೆ ಹತ್ತಾರು ಸಲ ಹೇಳಿದ್ದಾರೆ. ಪ್ರತಿ ಸಲವೂ ಪೊರಕೆಯ ಹತ್ತಿರ ಬಂದಾಗ ಅವರ ದನಿ ಸಣ್ಣಗಾಗುತ್ತಿತ್ತು. "ನಾನು ನಡೆದಿದ್ದನ್ನು ಯಾರಾದ್ರೂ ಬರೆದಿಟ್ಕೋತಾರೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ ಕಣೆ," ಅನ್ನುತ್ತಿದ್ದರು.

ಅಂದಿನಿಂದ ಒಳಕೋಣೆಗೆ ಬರಿಗಾಲಲ್ಲಿ, ಬೆಕ್ಕಿನ ಹಾಗೆ ಹೋಗುವುದು ಅವರ ಅಭ್ಯಾಸವಾಯಿತು. ವರ್ಷ ತುಂಬುವುದರೊಳಗೆ ಸಾಹೇಬರು ಕಾಗದ ಬದಲಿಸುವ ಕೆಲಸವನ್ನೂ ಕಲಿಸಿದರು. ಬಿಳಿ ಕಾಗದವನ್ನು ಸೀಮೆಎಣ್ಣೆ ದೀಪದ ಹೊಗೆಗೆ ಹಿಡಿದು, ಎಲ್ಲೂ ದಪ್ಪವಾಗದಂತೆ, ಎಲ್ಲೂ ತೆಳುವಾಗದಂತೆ ಮಸಿ ಹಿಡಿಸಬೇಕು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹಳೆಯದನ್ನು ಬಿಚ್ಚಿ ಹೊಸದನ್ನು ಸುತ್ತಬೇಕು. ಹಳೆಯದನ್ನು ಅರಗು ಕರಗಿಸಿದ ನೀರಿನಂಥ ವಾರ್ನಿಷಿನಲ್ಲಿ ಅದ್ದಿ, ಬಟ್ಟೆ ಒಣಹಾಕಿದಂತೆ ತಂತಿಗೆ ನೇತುಹಾಕಬೇಕು. ಆಮೇಲೆ ಅದನ್ನು ಒರೆಸಿದರೂ ಮಸಿ ಹೋಗುವುದಿಲ್ಲ.

"ಮನೆ ಒಲೆ ಮಸಿ ಸಾಲದು ಅಂತ ಸರ್ಕಾರದ ಮಸಿ ಬೇರೆ," ಎಂದು ಅತ್ತೆ ಗೊಣಗುತ್ತಿದ್ದರು. "ಮುಖಕ್ಕೆ ಒಂದು ಹಚ್ಕೊಂಡಿಲ್ಲ ನೋಡು."

"ಹಚ್ಕೊಳ್ಳೋದಾ ಅತ್ತೆ? ಹಚ್ಚೋದೇ ನನ್ನ ಕಸುಬು," ಎಂದು ಇವರು ಉತ್ತರ ಕೊಡುತ್ತಿದ್ದರು.

ಎರಡನೆಯ ವರ್ಷದ ಒಂದು ಬೆಳಿಗ್ಗೆ ಸಾಹೇಬರು ಊರಲ್ಲಿರಲಿಲ್ಲ. ಇವರು ಒಬ್ಬರೇ ಕಾಗದ ಬದಲಿಸಿ ಎದ್ದಾಗ ಸೂಜಿ ಕುಣಿಯತೊಡಗಿತು. ಮೊದಲು ಸಣ್ಣಗೆ, ಆಮೇಲೆ ಉರುಳೆಯ ಗೆರೆಗೆರೆಗಳೆಲ್ಲ ಒಂದರ ಮೇಲೊಂದು ಬೀಳುವಷ್ಟು ದೊಡ್ಡದಾಗಿ. ಇವರು ಮಂಡಿಯೂರಿ ನೆಲಕ್ಕೆ ಅಂಗೈ ಒತ್ತಿ ನೋಡಿದರು. ಏನೂ ಇಲ್ಲ. ಕಿಟಕಿಯಾಚೆ ಒಂದು ಎಲೆಯೂ ಅಲುಗುತ್ತಿಲ್ಲ. ಆದರೆ ಸೂಜಿ ಮುಕ್ಕಾಲು ಗಂಟೆ ನಿಲ್ಲಲಿಲ್ಲ. ಸಂಜೆ ರೇಡಿಯೋದಲ್ಲಿ ಸುದ್ದಿ ಬಂತು. ಎರಡು ಸಮುದ್ರದಾಚೆ ಒಂದು ಪಟ್ಟಣ ನೆಲಸಮವಾಗಿತ್ತು. ಆ ಪಟ್ಟಣದ ಹೆಸರನ್ನೂ ಕೇಳಿರದ ಹೆಂಗಸು, ಅಲ್ಲಿಯ ಸುದ್ದಿ ರೇಡಿಯೋಗೆ ತಲುಪುವ ಎಷ್ಟೋ ಗಂಟೆ ಮುಂಚೆ ಅದನ್ನು ಕಣ್ಣಾರೆ ನೋಡಿದ್ದರು. ಅವತ್ತು ರಾತ್ರಿ ಊಟ ಸೇರಲಿಲ್ಲ ಅವರಿಗೆ. 

ಅದಾದ ಆರೇಳು ವರ್ಷಕ್ಕೆ ಇನ್ನೊಂದು ಕಾಗದ ಉರುಳೆಯಿಂದ ಇಳಿಯಿತು. ಗೀರು ದೊಡ್ಡದೇನಲ್ಲ. ಆದರೆ ಸಾಹೇಬರು ಭೂತಗನ್ನಡಿ ಹಿಡಿದು ಅದರ ಮೇಲೆ ಬಾಗಿದವರು ತಲೆ ಎತ್ತಲೇ ಇಲ್ಲ. ಕೊನೆಗೆ, "ಇದು ಭೂಮಿ ಮಾಡಿದ್ದಲ್ಲಮ್ಮ. ಮನುಷ್ಯ ಮಾಡಿದ್ದು," ಅಂದರು.

"ಹೇಗೆ ಗೊತ್ತಾಗುತ್ತೆ ಸಾರ್?"

ಸಾಹೇಬರು ಮೇಜಿನ ಬಟ್ಟೆಯನ್ನು ಒಂದು ಕಡೆ ತಳ್ಳಿ, ಇನ್ನೊಂದು ಕಡೆ ಎಳೆದು ತೋರಿಸಿ ವಿವರಿಸಿದರು. ಭೂಕಂಪ ಅಂದರೆ ನೆಲ ಜಾರುವುದು. ಒಂದು ಕಡೆ ತಳ್ಳುತ್ತದೆ, ಇನ್ನೊಂದು ಕಡೆ ಎಳೆಯುತ್ತದೆ. ಹಾಗಾಗಿ ಕೆಲವು ಊರಿನಲ್ಲಿ ಸೂಜಿ ಮೊದಲು ಮೇಲೆ ಹೋಗುತ್ತದೆ, ಕೆಲವು ಊರಿನಲ್ಲಿ ಕೆಳಗೆ. ಸ್ಫೋಟ ಹಾಗಲ್ಲ. ಅದು ಸುತ್ತ ಎಲ್ಲರನ್ನೂ ತಳ್ಳುತ್ತದೆ. ಎಲ್ಲಿ ನಿಂತು ನೋಡಿದರೂ ಸೂಜಿಯ ಮೊದಲ ಏಟು ಮೇಲಕ್ಕೇ.

ಯಾವುದೋ ದೊಡ್ಡ ದೇಶ ಮರಳುಗಾಡಿನ ಕೆಳಗೆ ಬಾಂಬು ಸಿಡಿಸಿ, ತಾನು ಏನೂ ಮಾಡೇ ಇಲ್ಲ ಎಂದು ಕೈ ತೊಳೆದುಕೊಂಡಿತ್ತು. ಸಾಹೇಬರು ಕೇಂದ್ರ ಕಚೇರಿಗೆ ತಂತಿ ಕಳಿಸಿದರು. ಜಗತ್ತಿನ ನಲವತ್ತು ಐವತ್ತು ಕೇಂದ್ರಗಳಿಂದ ಅಂಥವೇ ತಂತಿ ಹೋದವು. ಎಲ್ಲ ಕಡೆಯೂ ಮೊದಲ ಏಟು ಮೇಲಕ್ಕೇ ಇತ್ತು. ಮೂರು ವಾರದ ಮೇಲೆ ಆ ದೇಶ ಒಪ್ಪಿಕೊಂಡಿತು. ಸಾಕ್ಷಿಗಳ ಪಟ್ಟಿ ಅಚ್ಚಾಗಿ ಬಂದಾಗ ಅದರಲ್ಲಿ ನಮ್ಮ ಗುಡ್ಡದ ಕೇಂದ್ರದ ಸಂಖ್ಯೆಯೂ, ಕಾಗದದ ಚಿತ್ರವೂ ಇದ್ದವು. ಚಿತ್ರದ ಮೂಲೆಯಲ್ಲಿ, ಕಾಗದ ಬಿಚ್ಚುವಾಗ ಮಸಿಯಲ್ಲಿ ಮೂಡಿದ ಹೆಬ್ಬೆರಳಿನ ಗುರುತು. ಅದು ಸೂಜಿಯಮ್ಮನದು.

"ರಾಜರು ಮಂತ್ರಿಗಳು ಓದೋ ಕಾಗದ," ಎಂದು ಅವರು ನನಗೆ ಹೇಳಿದ್ದುಂಟು, "ಅದರ ಮೇಲೆ ನನ್ನ ಹೆಬ್ಬೆಟ್ಟು. ನಮ್ಮ ಮನೆಲಿ ಹೆಬ್ಬೆಟ್ಟು ಒತ್ತೋರನ್ನ ಓದಿಲ್ಲದೋರು ಅಂತಿದ್ರು."

ನಾನು ಅವರ ಎದುರುಮನೆಯವಳು, ಪುರಸಭೆಯ ಕಚೇರಿಯಲ್ಲಿ ಟೈಪಿಸ್ಟ್. ಮುಂದಿನದಕ್ಕೆಲ್ಲ ನಾನೇ ಸಾಕ್ಷಿ.

ನಡುಕದ ಸಾಹೇಬರು ನಿವೃತ್ತರಾಗಿ, ಅವರ ಜಾಗಕ್ಕೆ ಮೂವತ್ತರ ಆಸುಪಾಸಿನ ಒಬ್ಬ ಮೇಡಂ ಬಂದಿದ್ದರು. ಅದೇ ಕಾಲಕ್ಕೆ ನದಿಗೆ ಸೇತುವೆ ಮಂಜೂರಾಯಿತು. ಇಡೀ ಊರೇ ಇಪ್ಪತ್ತು ವರ್ಷ ಕೇಳಿ ಕೇಳಿ ಪಡೆದ ಸೇತುವೆ ಅದು. ಸೇತುವೆಗೆ ಕಲ್ಲು ಬೇಕು. ನಮ್ಮ ಬೀದಿಯ ಬೆನ್ನಿಗೇ ಕ್ವಾರಿ ತೆರೆಯಿತು. ಅದರ ಮಾಲೀಕರು ಪುರಸಭೆಯ ಸದಸ್ಯರೂ ಹೌದು. ನಾವು ಅವರನ್ನು ಕಲ್ಲು ಮೆಂಬರ್ರು ಅನ್ನುತ್ತಿದ್ದೆವು. ಇನ್ನೂರು ಜನಕ್ಕೆ ಕೆಲಸ ಕೊಟ್ಟ ಮನುಷ್ಯ. ಅದರಲ್ಲಿ ಸೂಜಿಯಮ್ಮನ ತಮ್ಮನೂ ಒಬ್ಬ, ಬಂಡೆಗೆ ಕುಳಿ ಕೊರೆಯುವವನು.

ಆರು ತಿಂಗಳಲ್ಲಿ ನಮ್ಮ ಗೋಡೆಗಳು ಬಿರಿಯತೊಡಗಿದವು. ಮೊದಲು ಕಿಟಕಿಯ ಮೂಲೆಯಿಂದ ಒಂದು ಎಳೆ, ಆಮೇಲೆ ಬೆರಳು ತೂರುವಷ್ಟು. ನಾವು ಅರ್ಜಿ ಕೊಟ್ಟೆವು, ಟೈಪು ಮಾಡಿದ್ದು ನಾನೇ. ಮೆಂಬರ್ರು, "ವಾರಕ್ಕೆರಡು ಸಲ, ಅದೂ ಮಿತಿಯೊಳಗೇ ಸಿಡಿಸ್ತೀವಿ. ನಿಮ್ಮ ಮನೆ ಪಾಯನೇ ಸರಿಯಿಲ್ಲ," ಅಂದರು. ಪುರಸಭೆ ಒಬ್ಬ ತಜ್ಞರನ್ನು ಕರೆಸಿತು. ಅವರು ಒಂದು ದಿನ ಬಂದು, ಬೀದಿಯ ಕೊನೆಯಲ್ಲಿ ಪೆಟ್ಟಿಗೆಯಂಥ ಯಂತ್ರ ಇಟ್ಟು, ಸಂಜೆ ಎತ್ತಿಕೊಂಡು ಹೋದರು. ವರದಿ ಬಂತು. ಕಂಪನ ಮಿತಿಯೊಳಗಿದೆ.

ವರದಿಯನ್ನು ನಾನು ಓದಿ ಹೇಳಿದಾಗ ಬೀದಿಯ ಜನ ಪೆಚ್ಚಾದರು. "ಯಂತ್ರನೇ ಹೇಳಿದ ಮೇಲೆ ಮುಗೀತು. ಯಂತ್ರ ಸುಳ್ಳು ಹೇಳುತ್ತಾ?" ಎಂದರು ಗಾರೆ ಮೇಸ್ತ್ರಿ.

ಸೂಜಿಯಮ್ಮ ಗೋಡೆಗೊರಗಿ ಕೂತಿದ್ದರು. "ಯಂತ್ರ ಸುಳ್ಳು ಹೇಳಲ್ಲಣ್ಣ. ಆದ್ರೆ ಅದನ್ನ ಯಾವತ್ತು ಇಡಬೇಕು, ಯಾವತ್ತು ಎತ್ತಬೇಕು ಅನ್ನೋದನ್ನ ಮನುಷ್ಯರೇ ತಾನೇ ಹೇಳೋದು?" ಅಂದರು. ಒಂದು ಕ್ಷಣ ಬಿಟ್ಟು, "ನಮ್ಮ ಯಂತ್ರ ಮಾತ್ರ ಒಂದು ದಿನವೂ ಎತ್ತಿಲ್ಲ," ಎಂದು ತಮಗೇ ಹೇಳಿಕೊಂಡಂತೆ ಹೇಳಿದರು.

ಮಾರನೆಯ ದಿನ ಅವರು ಕಪಾಟಿನಿಂದ ಹನ್ನೊಂದು ತಿಂಗಳ ಕಾಗದಗಳನ್ನು ಇಳಿಸಿದರು. ಒಂದೊಂದೇ ಬಿಡಿಸಿ, ಮೇಡಂ ಎದುರು ಹರಡಿದರು. ವಾರಕ್ಕೆರಡಲ್ಲ, ಎಷ್ಟೋ ವಾರ ಒಂಬತ್ತು, ಹತ್ತು. ಎಲ್ಲವೂ ಊಟದ ಬಿಡುವಿನ ಹೊತ್ತಿಗೆ ಇಲ್ಲವೇ ಸಂಜೆ ಕೆಲಸ ಬಿಡುವ ಹೊತ್ತಿಗೆ. ಮೊದಲ ಏಟು ಮೇಲಕ್ಕೆ. ತಜ್ಞರು ಬಂದ ದಿನದ ಗೀರು ಅಕ್ಕಿಕಾಳಿನಷ್ಟಿತ್ತು. ಹಿಂದಿನ ದಿನದ್ದು, ಮುಂದಿನ ವಾರದ್ದು, ಕಿರುಬೆರಳಿನುದ್ದ.

ಮೇಡಂ ಕಾಗದಗಳನ್ನು ಒಂದೊಂದಾಗಿ ನೋಡಿ ಮುಗಿಸಿದರು. "ಅಮ್ಮಾ, ಇವು ಸರ್ಕಾರದ ದಾಖಲೆ. ಕೇಂದ್ರ ಕಚೇರಿ ಒಪ್ಪದೆ ನಾನು ಹೊರಗೆ ಕೊಡೋ ಹಾಗಿಲ್ಲ. ಬರೀತೀನಿ, ಆದ್ರೆ ಉತ್ತರ ಯಾವಾಗ ಬರುತ್ತೋ."

"ಕೊಡೋದು ಬೇಡ ಮೇಡಂ. ಬಾಗಿಲಲ್ಲಿ ಬೋರ್ಡಿದೆಯಲ್ಲ?"

ಬೋರ್ಡು ಹಳೆಯ ಸಾಹೇಬರು ಹಾಕಿಸಿದ್ದು. ತಿಂಗಳ ಎರಡನೇ ಶನಿವಾರ ಸಾರ್ವಜನಿಕರು ಬಂದು ನೋಡಬಹುದು. ಶಾಲೆಯ ಮಕ್ಕಳನ್ನು ಬಿಟ್ಟರೆ ಯಾರೂ ಬಂದವರಿಲ್ಲ. ಮೇಡಂ ಬೋರ್ಡಿನ ಮುಂದೆ ಹೋಗಿ ನಿಂತು ಓದಿದರು. "ನೋಡಬಹುದು ಅಂತಿದೆ. ನೋಡಲಿ," ಅಂದರು.

ಆ ಶನಿವಾರದ ಹಿಂದಿನ ಸಂಜೆ ತಮ್ಮ ಬಂದಿದ್ದ. ಅವನ ದನಿ ನಮ್ಮ ಮನೆಗೂ ಕೇಳಿಸುತ್ತಿತ್ತು.

"ಅಕ್ಕಾ, ಕ್ವಾರಿ ನಿಂತರೆ ನನ್ನ ಹೊಟ್ಟೆ ಮೇಲೆ ಕಲ್ಲು ಬೀಳುತ್ತೆ. ನಿನಗೆ ನಾನು ಬೇಕೋ ಆ ಮಸಿ ಕಾಗದ ಬೇಕೋ?"

"ನೀನು ಬೇಕು ಕಣೋ. ಅದಕ್ಕೇ ಹೇಳ್ತಿದೀನಿ. ಆ ಕುಳಿ ಕೊರೆಯೋನು ನೀನು. ಎಷ್ಟು ಸಲ ಸಿಡಿಸಿದ್ರಿ ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಅದು ಬರೆದಿರೋದು ಸುಳ್ಳು ಅಂತ ನನ್ನ ಮುಖ ನೋಡಿ ಹೇಳು, ನಾಳೆ ಕೇಂದ್ರದ ಬಾಗಿಲಿಗೆ ಬೀಗ ಹಾಕ್ತೀನಿ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಸೂಜಿಯಮ್ಮ ಹೊಸ್ತಿಲಲ್ಲೇ ಬಹಳ ಹೊತ್ತು ನಿಂತಿದ್ದರು.

ಶನಿವಾರ ಬೆಳಿಗ್ಗೆ ನಮ್ಮ ಬೀದಿಗೆ ಬೀದಿಯೇ ಗುಡ್ಡ ಹತ್ತಿತು. ಐದೈದು ಜನರನ್ನು ಒಳಗೆ ಬಿಡುವುದು ಎಂದಾಯಿತು. ಚಪ್ಪಲಿ ಹೊರಗೆ, ಮಾತು ಹೊರಗೆ. ಜಗಳವಾಡಲೆಂದೇ ಹುಟ್ಟಿದಂಥ ನಮ್ಮ ಜನ ಆ ಬಾಗಿಲು ದಾಟಿದ ಕೂಡಲೇ ಉಸಿರು ಬಿಗಿಹಿಡಿದರು. ಸೂಜಿಯಮ್ಮ ಒಬ್ಬೊಬ್ಬರಿಗೂ ಉರುಳೆ ತೋರಿಸಿ, "ನಿಧಾನಕ್ಕೆ ಒಂದು ಹೆಜ್ಜೆ ಇಡಿ," ಅನ್ನುತ್ತಿದ್ದರು. ಇಟ್ಟ ಹೆಜ್ಜೆಗೆ ಸೂಜಿ ತುಸು ಅಲುಗುತ್ತಿತ್ತು. ಗಾರೆ ಮೇಸ್ತ್ರಿ ಮೂರು ಸಲ ಹೆಜ್ಜೆ ಇಟ್ಟು ಮೂರು ಸಲವೂ ಬೆರಗಾಗಿ ತಲೆ ಅಲ್ಲಾಡಿಸಿದರು.

ಹೊರಕೋಣೆಯ ಮೇಜಿನ ಮೇಲೆ ಹನ್ನೊಂದು ತಿಂಗಳು ಸಾಲಾಗಿ ಬಿದ್ದಿದ್ದವು. ಆಮೇಲೆ ನಡೆದದ್ದನ್ನು ಯಾರೂ ಯೋಜಿಸಿರಲಿಲ್ಲ. ಬೀದಿಯ ಅತಿ ಹಿರಿಯ ಅಜ್ಜಿ ಕಾಗದವನ್ನು ಕಣ್ಣಿನ ಹತ್ತಿರ ತಂದು ಕೇಳಿದರು: "ನನ್ನ ಮೊಮ್ಮಗಳು ಹುಟ್ಟಿದ ಮೂರನೇ ದಿನ, ಮಧ್ಯಾಹ್ನ, ಕೂಸು ಬೆಚ್ಚಿಬಿದ್ದು ಚೀರಿತು. ಅವತ್ತೇ ಅಡುಗೆಮನೆ ಗೋಡೆ ಸೀಳಿದ್ದು. ಅದು ಇದರಲ್ಲಿದೆಯೇನಮ್ಮಾ?"

ತಾರೀಖು ಲೆಕ್ಕ ಹಾಕಿ ಕಾಗದ ತೆಗೆದರು. ಒಂದು ಗಂಟೆ ಹನ್ನೆರಡು ನಿಮಿಷ. ಕಿರುಬೆರಳಿನುದ್ದದ ಬಿಳಿ ಗೀರು. ಅಜ್ಜಿ ಆ ಗೀರಿನ ಮೇಲೆ ಬೆರಳಿಟ್ಟು, "ಇದೇ, ಇದೇ. ನನ್ನ ಕೂಸಿನ ಚೀರು," ಅಂದರು.

ಅಲ್ಲಿಗೆ ತಡೆ ಒಡೆಯಿತು. ಒಬ್ಬೊಬ್ಬರೂ ತಮ್ಮ ತಮ್ಮ ನೆನಪು ತಂದರು. ಮಗನ ಪರೀಕ್ಷೆಯ ಹಿಂದಿನ ಸಂಜೆ ಬಿದ್ದ ಹೆಂಚು. ಬಾವಿಕಟ್ಟೆ ಬಿರುಕು ಬಿಟ್ಟ ದಿನ. ನನ್ನದು, ತೌರಿನಿಂದ ತಂದ ಕನ್ನಡಿ ಮೊಳೆಯಿಂದ ಜಾರಿ ಚೂರಾದ ಗುರುವಾರ. ಆ ದಿನ ಐದೂ ನಲವತ್ತಕ್ಕೆ ಒಂದು ಗೀರು. ನನ್ನ ಕನ್ನಡಿ ಒಡೆದದ್ದು ನನಗೆ, ನನ್ನ ಗಂಡನಿಗೆ ಬಿಟ್ಟು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಗುಡ್ಡದ ಕೆಳಗಿನ ಬಂಡೆಗೆ ಗೊತ್ತಿತ್ತು.  ಸಿಟ್ಟು ಮಾಡಿಕೊಂಡು ಬಂದಿದ್ದ ಜನ ಅಂದು ಗುಡ್ಡ ಇಳಿಯುವಾಗ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು.

ನಾವು ಮತ್ತೊಂದು ಅರ್ಜಿ ಕೊಟ್ಟ ಮೇಲೆ ವಿಚಾರಣೆ ಪುರಸಭೆಯ ಸಭಾಂಗಣದಲ್ಲಿ ನಡೆಯಿತು. ಕೇಂದ್ರ ಕಚೇರಿಯ ಉತ್ತರ ಬಂದಿರಲಿಲ್ಲ. ಮೇಡಂ ನಾಲ್ಕು ಕಾಗದಗಳಿಗೆ ಗಾಜು ಹಾಕಿಸಿ ತಾವೇ ಹೊತ್ತು ತಂದರು. "ಬೈದರೆ ನನ್ನನ್ನ ಬೈತಾರೆ," ಎಂದರು. ತಜ್ಞರನ್ನು ಕೇಳಿದಾಗ ಅವರು ನೇರವಾಗಿಯೇ ಹೇಳಿದರು: "ನನ್ನ ಅಳತೆ ಸರಿ. ಆದರೆ ಆ ಒಂದು ದಿನಕ್ಕೆ ಮಾತ್ರ ಸರಿ."

ಮೆಂಬರ್ರು ಎದ್ದು ಸೂಜಿಯಮ್ಮನ ಕಡೆ ತಿರುಗಿದರು. "ಅಮ್ಮಾ, ತಪ್ಪು ತಿಳ್ಕೋಬೇಡಿ. ಏಳನೇ ಕ್ಲಾಸು ಓದಿದೋರು ನೀವು. ಇದು ಸ್ಫೋಟನೇ, ಗುಡುಗಲ್ಲ, ಲಾರಿಯಲ್ಲ ಅಂತ ಹೇಗೆ ಹೇಳ್ತೀರಿ?"

ಸೂಜಿಯಮ್ಮ ಸೆರಗು ಸರಿಮಾಡಿಕೊಂಡು ನಿಂತರು. "ಲಾರಿ ಬಂದರೆ ಸಣ್ಣಗೆ ಶುರುವಾಗಿ ದೊಡ್ಡದಾಗಿ ಸಣ್ಣಗಾಗುತ್ತೆ ಸ್ವಾಮಿ, ಹೊಟ್ಟೆ ಥರ. ಗುಡುಗು ಪುಡಿಪುಡಿಯಾಗಿ ಬರುತ್ತೆ. ಇದು ಒಂದೇ ಏಟು, ಮೇಲಕ್ಕೆ. ಮೂವತ್ತು ವರ್ಷದಿಂದ ದಿನಾ ನೋಡ್ತಿದೀನಿ. ಒಂದು ಸಲ ಒಂದು ದೊಡ್ಡ ದೇಶದ ಸರ್ಕಾರನೇ ಇಲ್ಲ ಅಂದಿತ್ತು. ಇಂಥದೇ ಗೀರಿನ ಮುಂದೆ ಅದಕ್ಕೆ ನಿಲ್ಲೋಕಾಗ್ಲಿಲ್ಲ. ನಮ್ದು ಸಣ್ಣ ಊರು."

ಸಭೆ ನಗೆಯಲ್ಲಿ ಮುಳುಗಿತು. ಮೆಂಬರ್ರ ಮುಖ ಕೆಂಪಾಯಿತು. "ಎಲ್ಲರೆದುರು ನನ್ನ ಮುಖಕ್ಕೆ ಮಸಿ ಬಳಿದ್ರಿ," ಎಂದು ಗೊಣಗಿ ಕೂತರು.

ಆದರೆ ಮುಂದಿನ ಎರಡನೇ ಶನಿವಾರ ಅವರೂ ಗುಡ್ಡ ಹತ್ತಿದರು. ಒಬ್ಬರೇ, ಬೂಟು ಕೈಯಲ್ಲಿ ಹಿಡಿದು. ನಾನು ಅಲ್ಲೇ ಇದ್ದೆ. ಕಂಬದ ಎದುರು ನಿಂತ ಆ ಭಾರಿ ಮನುಷ್ಯ ತಮ್ಮ ಉಸಿರಾಟಕ್ಕೇ ಹೆದರಿದಂತಿದ್ದರು. ಸೂಜಿಯಮ್ಮ ಕಾಗದ ತೋರಿಸಿದರು. ಒಂದು ಕಡೆ ಮೆಂಬರ್ರು ಬೆರಳಿಟ್ಟು, "ಇದು ಭಾನುವಾರ. ಭಾನುವಾರ ನಾವು ಸಿಡಿಸಲ್ಲ," ಅಂದರು.

"ಸಿಡಿಸಿದ್ದಾರೆ ಸ್ವಾಮಿ."

ಮೆಂಬರ್ರು ಬೆರಳು ತೆಗೆದರು. ಅವರ ಮೇಲ್ವಿಚಾರಕ ಅವರಿಗೂ ಹೇಳದೆ ಸಿಡಿಸಿದ್ದನೋ, ಅಥವಾ ಅವರು ಆ ಹೊತ್ತು ಹಾಗೆ ನಟಿಸಿದರೋ, ನನಗೆ ಇಂದಿಗೂ ಗೊತ್ತಿಲ್ಲ. ಹೋಗುವಾಗ, "ಇಷ್ಟು ಸಣ್ಣದಾಗಿ ಬರೆದಿಡುತ್ತಾ ಭೂಮಿ," ಎಂದದ್ದು ಮಾತ್ರ ನಟನೆಯಾಗಿರಲಿಲ್ಲ.

ಕ್ವಾರಿ ಮುಚ್ಚಲಿಲ್ಲ. ಸೇತುವೆ ಬೇಕೇ ಇತ್ತಲ್ಲ, ನಮಗೂ ಬೇಕಿತ್ತು. ಎರಡು ತಿಂಗಳು ನಿಂತು, ಗುಡ್ಡದ ಆಚೆಯ ಮಗ್ಗುಲಿಗೆ ಸರಿಯಿತು. ಮದ್ದಿನ ಪ್ರಮಾಣ ಅರ್ಧಕ್ಕಿಳಿಯಿತು. ಸಿಡಿಸುವ ಮುಂಚೆ ಸೈರನ್ನು ಕೂಗಬೇಕು, ಶಾಲೆಯ ಗೋಡೆಯಲ್ಲಿ ಒಂದು ಅಳತೆಯ ಯಂತ್ರ ಯಾವತ್ತೂ ಇರಬೇಕು, ಅದರ ಅಂಕಿಯನ್ನು ವಾರಕ್ಕೊಮ್ಮೆ ಹಲಗೆಯ ಮೇಲೆ ಬರೆಯಬೇಕು ಎಂದಾಯಿತು. ಒಡೆದ ಗೋಡೆಗಳನ್ನು ಕೆಲವರಿಗೆ ಕಟ್ಟಿಸಿಕೊಟ್ಟರು, ಕೆಲವರಿಗೆ ಇಲ್ಲ. ಅನುಮತಿಯಿಲ್ಲದೆ ಕಾಗದ ಹೊರಗೆ ತಂದದ್ದಕ್ಕೆ ಮೇಡಂಗೆ ಕೇಂದ್ರ ಕಚೇರಿಯಿಂದ ಒಂದು ನೋಟಿಸು ಬಂತು. ಅದಾದ ಎಂಟು ತಿಂಗಳಿಗೆ, ಮನೆಗಳ ಹತ್ತಿರದ ಎಲ್ಲ ಕ್ವಾರಿಗಳಲ್ಲೂ ಅಂಥ ಯಂತ್ರ ಇರಬೇಕು ಎಂಬ ಸುತ್ತೋಲೆಯೂ ಅದೇ ಕಚೇರಿಯಿಂದಲೇ ಬಂತು. ಅದನ್ನು ಟೈಪು ಮಾಡಿ ಗೋಡೆಗೆ ಅಂಟಿಸಿದವಳು ನಾನು. ಬೀದಿಯ ಹೆಸರಾಗಲಿ ಸೂಜಿಯಮ್ಮನ ಹೆಸರಾಗಲಿ ಅದರಲ್ಲಿರಲಿಲ್ಲ.

ತಮ್ಮ ಆ ಎರಡು ತಿಂಗಳು ಅಕ್ಕನ ಮನೆ ಮೆಟ್ಟಿಲು ತುಳಿಯಲಿಲ್ಲ. ಮೂರನೇ ತಿಂಗಳು ಸೈರನ್ನು ಕೂಗಿಸುವ ಕೆಲಸವನ್ನು ಅವನಿಗೇ ಕೊಟ್ಟರು. ಅಂದು ಸಂಜೆ ಬಂದು, ಎಂದಿನ ಹಾಗೆ ಕಾಲು ಚಾಚಿ ಕೂತು ಚಹಾ ಕೇಳಿದ. 

ಸೂಜಿಯಮ್ಮ ನಿವೃತ್ತರಾದ ವರ್ಷವೇ ಉರುಳೆ ಹೋಯಿತು. ಅದರ ಜಾಗಕ್ಕೆ ಊಟದ ಡಬ್ಬಿಯಷ್ಟು ಗಾತ್ರದ ಯಂತ್ರ ಬಂತು. ಹೊಗೆಯಿಲ್ಲ, ಕಾಗದವಿಲ್ಲ. ಮೇಡಂ ಹೇಳಿಕಳಿಸಿದ್ದರಿಂದ ನಾವಿಬ್ಬರೂ ಒಂದು ಬೆಳಿಗ್ಗೆ ನೋಡಲು ಹೋದೆವು. ಸೂಜಿಯಮ್ಮ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ನಾನು ದಾರಿಯುದ್ದಕ್ಕೂ ಏನೇನೋ ಮಾತಾಡುತ್ತಿದ್ದೆ.

"ಇದು ಎಲ್ಲಿ ಬರೆಯುತ್ತೆ ಮೇಡಂ?" ಎಂಬುದು ಅವರು ಕೇಳಿದ ಮೊದಲ ಪ್ರಶ್ನೆ.

ಮೇಡಂ ಕಂಪ್ಯೂಟರಿನ ಪರದೆ ತಿರುಗಿಸಿದರು. ಒಂದರ ಕೆಳಗೊಂದು ನೂರಾರು ಗೀರುಗಳು ಎಡದಿಂದ ಬಲಕ್ಕೆ ನಿಧಾನವಾಗಿ ಹರಿಯುತ್ತಿದ್ದವು. ಮೂರನೆಯದು ನಮ್ಮ ಗುಡ್ಡ. ಉಳಿದವು ಬೇರೆ ಬೇರೆ ದೇಶದವು, ಹಿಮದ ನಡುವಿನವು, ದ್ವೀಪಗಳವು, ಒಂದಕ್ಕೊಂದು ಮಾತುಬಿಟ್ಟ ದೇಶಗಳವೂ ಅಕ್ಕಪಕ್ಕದಲ್ಲಿ. ಎಲ್ಲರಿಗೂ ಎಲ್ಲರದೂ ಕಾಣಿಸುತ್ತದೆ ಎಂದರು ಮೇಡಂ.

ಅಷ್ಟರಲ್ಲಿ ಕೆಳಗಿನ ಒಂದು ಗೀರು ನಡುಗಿತು. ಎಲ್ಲೋ ಸಮುದ್ರದಡಿ ಸಣ್ಣದೊಂದು ಕಂಪ. ಸ್ವಲ್ಪ ಹೊತ್ತಿಗೆ ಅದರ ಮೇಲಿನದು, ಆಮೇಲೆ ಇನ್ನೊಂದು. ನಡುಕ ಊರಿಂದೂರಿಗೆ ನಡೆದು ಬರುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ಒಂಬತ್ತು ನಿಮಿಷಕ್ಕೆ ಅದು ನಮ್ಮ ಗುಡ್ಡವನ್ನು ದಾಟಿತು. ನಾವು ನಿಂತ ನೆಲ ಅಲುಗಲಿಲ್ಲ.

ಸೂಜಿಯಮ್ಮ ಕುರ್ಚಿ ಕೊಟ್ಟರೂ ಕೂರಲಿಲ್ಲ. ಒಂದು ಗಂಟೆ ಹಾಗೇ ನಿಂತು ನೋಡಿದರು. ಮಸಿ ಅಂಟದ ಆ ಪರದೆಯನ್ನು ಮುಟ್ಟಬಹುದೇ ಎಂದು ಕೇಳಿ, ಮುಟ್ಟಲಿಲ್ಲ.

"ಎಷ್ಟು ಜನ ಎಚ್ಚರ ಇದ್ದಾರೆ ನೋಡೇ," ಅಂದರು ನನಗೆ, ಬಹಳ ಮೆತ್ತಗೆ.